ಎದುರುಬದುರು ಆಂಟೆನಾ

ಶಿವನಪ್ಪನವರು ಯಾರೂ ಕೇಳದಿದ್ದರೂ ಉಪಕಾರ ಮಾಡುವ ಮನುಷ್ಯ. ಬೆಳಿಗ್ಗೆ ಮಾಳಿಗೆ ಹತ್ತಿದವರ ಕಣ್ಣಿಗೆ ಪಕ್ಕದ ಆಫ್ತಾಬನ ಅಂಗಡಿಯ ಆಂಟೆನಾ ಬಿತ್ತು. ಓಣಿಯ ಟಿವಿ ಆಂಟೆನಾಗಳೆಲ್ಲ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಇದೊಂದು ಉತ್ತರಕ್ಕೆ ತಿರುಗಿತ್ತು. ಆ ಮಾಳಿಗೆಗೆ ದಾಟಿ ಅದನ್ನೂ ಪಶ್ಚಿಮಕ್ಕೆ ತಿರುಗಿಸಿ, ನಟ್ಟು ಬಿಗಿದು ಕೆಳಗಿಳಿದರು.

ಅಲ್ಲಿಗೆ ಆಫ್ತಾಬನ ನೆಟ್ ಸೆಂಟರ್ ಬಂದ್ ಆಯಿತು. ಗಜೇಂದ್ರಗಡದ ಆ ಓಣಿಗೆ ಬ್ರಾಡ್‌ಬ್ಯಾಂಡ್ ತಂತಿ ಇನ್ನೂ ಬಂದಿರಲಿಲ್ಲ. ಅವನು ಬಸ್‌ಸ್ಟ್ಯಾಂಡ್ ಹತ್ತಿರದ ಅಣ್ಣನ ಮನೆಗೆ ನೆಟ್ ಹಾಕಿಸಿ, ಆ ಮಾಳಿಗೆಯ ಮೇಲೊಂದು, ಅಂಗಡಿಯ ಮೇಲೊಂದು ಆಂಟೆನಾ ಎದುರುಬದುರು ನಿಲ್ಲಿಸಿದ್ದ. ಗಾಳಿಯಲ್ಲಿ ಕಟ್ಟಿದ ಈ ಸೇತುವೆಗೆ ವೈರ್‌ಲೆಸ್ ಬ್ರಿಜ್ ಎಂದು ಹೆಸರು. ಹಾಗೆ ಬಂದ ನೆಟ್ಟನ್ನು ಅಂಗಡಿಯ ಕಂಪ್ಯೂಟರುಗಳಿಗೆ ಹಂಚುವ ಡಬ್ಬಿ ಆಕ್ಸೆಸ್ ಪಾಯಿಂಟ್. ಆಂಟೆನಾಗಳು ಒಂದರ ಮುಖ ಒಂದು ನೋಡದಿದ್ದರೆ ಎಲ್ಲವೂ ದಂಡ.

ಅಂದೇ ಬಿ.ಎ. ರಿಜಲ್ಟು. ಆಫ್ತಾಬ ಮದುವೆಯಾಗಬೇಕೆಂದು ವರ್ಷದಿಂದ ಕೇಳುತ್ತಿದ್ದ ಮೆಹನಾಜಳನ್ನು ಅವಳ ತಂದೆ ಟಿಪ್ಪುಸಾಬರು ಕರೆತರುವವರಿದ್ದರು. "ಮಗಳ ರಿಜಲ್ಟ್ ನಿನ್ನ ಅಂಗಡ್ಯಾಗ ನೋಡತೀವಿ. ಅಂಗಡಿ ನಡಿಯೂದು ಕಂಡ್ರ ಅವತ್ತ ಲಗ್ನದ ತಾರೀಖ" ಎಂದಿದ್ದರು.

ಆಫ್ತಾಬ ಮಾಳಿಗೆಗೆ ಓಡಿದ. "ಯಾರ್ರೀ ಇದನ್ನ ತಿರುವಿದವ್ರು?"

"ನಾನ ತಮ್ಮಾ," ಎಂದರು ಪಕ್ಕದ ಮಾಳಿಗೆಯ ಶಿವನಪ್ಪ, ಹೆಮ್ಮೆಯಿಂದ. "ಎಲ್ಲಾ ಆಂಟೆನಾ ಹೊತ್ತು ಮುಣಗೂ ಕಡಿ ನೋಡತಾವ. ನಿಂದೊಂದ ಅಡ್ಡ ಮಾರಿ ಮಾಡಿ ನಿಂತಿತ್ತು."

ತಿರುಗಿಸಿ ಸರಿಮಾಡಿದರೂ ನೆಟ್ ಬರಲಿಲ್ಲ. ನೋಡಿದರೆ ಎರಡು ಆಂಟೆನಾಗಳ ನಡುವಿನ ಮಾಳಿಗೆಯಲ್ಲಿ ಮುದುಕಿ ಚನ್ನವ್ವ ಒಗೆದ ದಪ್ಪ ಕೌದಿಗಳನ್ನು ಹಗ್ಗದ ಮೇಲೆ ಸಾಲಾಗಿ ಹರವಿದ್ದಳು. ನೀರು ಕುಡಿದ ಕೌದಿಯೆಂದರೆ ಸಿಗ್ನಲ್ಲಿಗೆ ಗೋಡೆಯೇ.

"ಆಯಿ, ಇವನ್ನ ತಗೀರಿ. ನನ್ನ ಲಗ್ನ ನಿಂತೈತಿ."

"ನಿನ್ನ ಲಗ್ನಕ್ಕ ನನ್ನ ಕೌದಿ ಏನ ಮಾಡಿದ್ವೋ? ಒಣಗಸಾಕ ಜಾಗಾ ಕೊಡು, ತಗೀತೀನಿ."

ಕೌದಿಗಳನ್ನು ಹೊತ್ತು ಇಳಿಸುವಷ್ಟರಲ್ಲಿ ಆಫ್ತಾಬನ ಇಸ್ತ್ರಿ ಅಂಗಿ ಒದ್ದೆಮುದ್ದೆಯಾಯಿತು. ಅವನ್ನು ಅಂಗಡಿಯ ಮುಂದೆಯೇ ಹಗ್ಗ ಕಟ್ಟಿ ಹರವಿದ. ಅಷ್ಟರಲ್ಲಿ ಟಿಪ್ಪುಸಾಬರು ಮಗಳೊಂದಿಗೆ ಬಂದರು.

"ಇದು ನೆಟ್ ಸೆಂಟರೋ, ದೋಬಿ ಅಂಗಡಿಯೋ?"

"ಒಳಗ ಬರ್ರಿ ಚಾಚಾ," ಎಂದು ಆಫ್ತಾಬ ಕೌದಿ ಸರಿಸಿ ದಾರಿ ಮಾಡಿದ. ಈ ಸಲ ನೆಟ್ ಬಂದಿತ್ತು. ನಂಬರು ಹೊಡೆದ ಕೂಡಲೇ ಪರದೆ ತೆರೆಯಿತು. ಮೆಹನಾಜ ಫಸ್ಟ್ ಕ್ಲಾಸ್! ಆಫ್ತಾಬನ ಎದೆ ಉಬ್ಬಿತು.

"ಅಂಗಡಿ ಭಾಳ ಚಲೋ ಐತಿ," ಎಂದರು ಟಿಪ್ಪುಸಾಬರು. "ಇನ್ನ ತಾರೀಖ..."

"ಅಬ್ಬಾ," ಎಂದು ಮೆಹನಾಜ ತಂದೆಯನ್ನು ಮೆಲ್ಲಗೆ ಕರೆದಳು. "ಫಸ್ಟ್ ಕ್ಲಾಸ್ ಬಂದ್ರ ಧಾರವಾಡಕ್ಕ ಎಂ.ಎ. ಕಳಸತೀನಿ ಅಂದಿದ್ರಿ."

ಟಿಪ್ಪುಸಾಬರು ಗಡ್ಡ ಕೆರೆದುಕೊಂಡರು. "ಅಂದಿದ್ದು ಖರೇ. ಬರಂಗಿಲ್ಲ ಅಂತ ತಿಳದ ಅಂದಿದ್ದೆ." ಆಮೇಲೆ ಆಫ್ತಾಬನ ಒದ್ದೆ ಹೆಗಲ ಮೇಲೆ ಕೈಯಿಟ್ಟರು. "ಎರಡ ವರ್ಷ ತಡಿ ತಮ್ಮಾ. ಕೊಟ್ಟ ಮಾತು ಮುರಿಯಾಕ ಬರಂಗಿಲ್ಲ."

ಆಫ್ತಾಬನಿಗೆ ಅಳುವೇ ಬಂತು. ಮೆಹನಾಜ ಮಾತ್ರ ಮೊದಲ ಸಲ ಅವನನ್ನು ನೋಡಿ ನಕ್ಕಳು.

"ಎಂ.ಎ. ಅರ್ಜಿ ನೆಟ್‌ನ್ಯಾಗ ಸಿಗತೈತಂತ. ಲಗೂ ತಗದ ಕೊಡ್ರಿ."

ಅರ್ಜಿಯ ಕೊನೆಯ ಪುಟ ಪ್ರಿಂಟಾಗುವವರೆಗೆ ನೆಟ್ ಒಮ್ಮೆಯೂ ನಿಲ್ಲಲಿಲ್ಲ.