ಸಿಂಪಲ್ ಅಂದರೆ ಎಷ್ಟು ಮಂದಿ?

ಗೊತ್ತಿಲ್ಲದ ಶಬ್ದ ಯಾರಿಗೂ ಮೋಸ ಮಾಡುವುದಿಲ್ಲ. ನಾಲ್ಕು ಜನರನ್ನು ಕೇಳಿಯಾದರೂ ತಿಳಿದುಕೊಳ್ಳುತ್ತೇವೆ. ಕೈಕೊಡುವುದು ಗೊತ್ತಿರುವ ಶಬ್ದವೇ. ಬೆಳಗಾವಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿಯೇ ತಲೆ ಬೆಳ್ಳಗೆ ಮಾಡಿಕೊಂಡ ನನಗೆ ‘ಸಿಂಪಲ್’ ಎಂಬ ಪದದ ನಿಜವಾದ ಅರ್ಥ ತಿಳಿದದ್ದು ಮಗಳು ವಿದ್ಯಾಳ ನಿಶ್ಚಯದ ದಿನ. ಖಾನಾಪುರದ ಬೀಗರು ಫೋನಿನಲ್ಲಿ, “ಸರ, ನಿಮ್ಮ ಮನ್ಯಾಗ ಮಾಡೂಣು. ಗದ್ದಲ ಬ್ಯಾಡ, ಒಟ್ಟ ಸಿಂಪಲ್ ಇರ್ಲಿ” ಎಂದಿದ್ದರು. ನನಗೆ ಹಿಗ್ಗೋ ಹಿಗ್ಗು. “ಸಿಂಪಲ್ ಅಂದ್ರ ಎಷ್ಟ ಮಂದಿ ಬರ್ತಾರಂತ ಕೇಳ್ರಲಾ” ಎಂದಳು ಹೆಂಡತಿ. “ಇಂಗ್ಲಿಷ್ ಮಾಸ್ತರ ಇಂಥಾದ್ದ ಕೇಳಿದ್ರ ನಗತಾರ” ಎಂದು ಅವಳ ಬಾಯಿ ಮುಚ್ಚಿಸಿ, ಹಿಂದವಾಡಿಯ ನಮ್ಮ ಪುಟ್ಟ ಪಡಸಾಲೆಯಲ್ಲಿ ಹತ್ತು ಕುರ್ಚಿ ಹಾಕಿಸಿ, ಶಿರಾ-ಉಪ್ಪಿಟ್ಟು ಮಾಡಿಸಿ ಕಾಯುತ್ತ ಕೂತೆ.

ಭಾನುವಾರ ಬಾಗಿಲಿಗೆ ಎರಡು ಟೆಂಪೊ ಬಂದು ನಿಂತವು. ಜನ ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ಕೊನೆಗೆ ಇಳಿದ ಬೀಗರು ಕೈಮುಗಿದು, “ಹೇಳಿದ್ದೆ ಅಲ್ರಿ ಸರ, ಸಿಂಪಲ್! ಹೊರಗಿನವ್ರನ್ನ ಒಬ್ಬರನ್ನೂ ಕರದಿಲ್ಲ. ಎಲ್ಲಾ ನಮ್ಮ ಮನಿಯವ್ರ” ಎಂದರು. ಆ ಮನೆಯಲ್ಲಿ ಅಣ್ಣತಮ್ಮಂದಿರೇ ಆರು ಜನ ಎಂಬುದು ನನಗೆ ಆಗ ನೆನಪಾಯಿತು.

ಶಿರಾ ಮೊದಲ ಸಾಲಿಗೇ ತಳ ಕಂಡಿತು. ಹುಡುಗನನ್ನು ತಾನೇ ಮೆಚ್ಚಿ ನಮ್ಮನ್ನೆಲ್ಲ ಒಪ್ಪಿಸಿದ್ದ ವಿದ್ಯಾ ಬಾಗಿಲ ಸಂದಿಯಿಂದ ನನ್ನನ್ನು ನೋಡಿದ ನೋಟ ಹೇಳಲಾರೆ. ಸಂಬಂಧ ಮುರಿದೇಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಬೀಗಿತ್ತಿ ಅಡುಗೆಮನೆಗೆ ಇಣುಕಿದವರು ಜರಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, “ಅಕ್ಕಾರ, ಚುರಮರಿ ಅದಾವೇನ್ರಿ? ಉಳ್ಳಾಗಡ್ಡಿ ತರ್ರಿ. ಬಾ ಅವ್ವಿ, ನೀ ಬಜಿಗೆ ಹಿಟ್ಟ ಕಲಸು” ಎಂದು ವಿದ್ಯಾಳನ್ನೂ ಕರೆದುಕೊಂಡು ಕೂತೇಬಿಟ್ಟರು. ಪಕ್ಕದ ಮನೆಯ ಶಬಾನಾ ಆಪಾ ಕುರ್ಚಿಗಳನ್ನೂ ಚಹಾಕ್ಕೆ ಹಾಲನ್ನೂ ಕಳಿಸಿದರು. ಘಳಿಗೆಯಲ್ಲಿ ಚುರಮರಿಯ ಒಗ್ಗರಣೆ ಸುಸಲಾ, ಬಿಸಿಬಿಸಿ ಬಜಿ ತಯಾರು. ಕುರ್ಚಿ ಸಿಗದವರು ಮೆಟ್ಟಿಲ ಮೇಲೆ ಕೂತು ತಿಂದರು. ಒಳಗೆ ಅತ್ತೆ-ಸೊಸೆ ಹಿಟ್ಟಿನ ಕೈಯಲ್ಲೇ ನಗುತ್ತಿದ್ದರು. ಉಂಗುರ ತೊಡಿಸಲು ವಿದ್ಯಾಳ ಕೈ ತೊಳೆಸಬೇಕಾಯಿತು.

ಸಂಜೆ ಟೆಂಪೊ ಹತ್ತುವಾಗ ಬೀಗರು ನನ್ನ ಹೆಗಲ ಮೇಲೆ ಕೈಯಿಟ್ಟು, “ಭಾಳ ಚಲೋ ಆತ್ರಿ. ಲಗ್ನ ಮಾತ್ರ ಸ್ವಲ್ಪ ಗ್ರ್ಯಾಂಡ್ ಮಾಡೂಣು” ಎಂದರು. ಈ ಸಲ ನಾನು ಮರ್ಯಾದೆ ಬಿಟ್ಟು, “ಗ್ರ್ಯಾಂಡ್ ಅಂದ್ರ ಎಷ್ಟ ಮಂದಿರೀ?” ಎಂದು ಕೇಳಿಯೇಬಿಟ್ಟೆ. ಅವರು ಟೆಂಪೊ ಅಲ್ಲಾಡುವಂತೆ ನಕ್ಕರು. “ಏನ್ ಸರ, ಚಾಷ್ಟಿ ಮಾಡ್ತೀರಿ! ನಿಮಗ ನಾ ಇಂಗ್ಲಿಷ್ ಕಲಸ್ಲೇನು?”

ಗಾಡಿ ಹೊರಟಿತು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದಳು. ನಾನು ಎರಡು ಕುರ್ಚಿ ಹೊತ್ತು ಶಬಾನಾ ಆಪಾ ಮನೆ ಕಡೆ ಬೇಗ ಬೇಗ ನಡೆದೆ.