ಫಿಲಿಪೀನ್ಸಿನ ಅಣ್ಣತಮ್ಮಂದಿರೂ ನನ್ನ ರುಜುವೂ

ನಾನು ಜಗಳಗಂಟನಲ್ಲ. ಜಗಳಗಂಟರೆಲ್ಲ ಮಾತು ಶುರುಮಾಡುವುದೇ ಹೀಗೆ ಎಂದು ನನ್ನ ಹೆಂಡತಿ ಸುಧಾ ಹೇಳುತ್ತಾಳೆ, ಅದು ಬೇರೆ ವಿಷಯ. ಅಣ್ಣನಾಗಿ ಹುಟ್ಟಿದವರಿಗೆ ಒಂದು ಕಾಯಿಲೆ ಇರುತ್ತದೆ. ತೊಟ್ಟಿಲಿನಿಂದಲೂ ತಾನು ಬಿಟ್ಟುಕೊಡುತ್ತಲೇ ಬಂದಿದ್ದೇನೆ ಎಂಬ ಭ್ರಮೆ ಅದು. ನನಗೆ ಸ್ವಲ್ಪ ಜೋರಾಗಿಯೇ ಇತ್ತು. ಹೊಸಕೋಟೆ ಕಡೆ ನಮ್ಮಪ್ಪ ಬಿಟ್ಟುಹೋದ ಎರಡು ಎಕರೆಯಲ್ಲಿ ರಸ್ತೆ ಬದಿಯ ಅರ್ಧ ತನಗೆ, ಹಿಂದಿನ ಅರ್ಧ ನನಗೆ ಎಂದು ತಮ್ಮ ಪ್ರಕಾಶ ವಿಭಾಗ ಪತ್ರ ಬರೆಸಿ ಕಳಿಸಿದ್ದ. ಅವನು ಅಲ್ಲೇ ಸೇವಂತಿಗೆ ಬೆಳೆಯುವವನು, ಹೂವಿನ ಮೂಟೆ ಟೆಂಪೋಗೆ ಹತ್ತಿಸಲು ಅವನಿಗೆ ರಸ್ತೆ ಬೇಕು. ನಾನೋ ಟೋಕಿಯೊದ ಎಡೋಗಾವಾದಲ್ಲಿ, ಆರನೇ ಮಹಡಿಯ ಬಾಲ್ಕನಿಯಲ್ಲಿ, ಒಂದು ಕರಿಬೇವಿನ ಕುಂಡವನ್ನೂ ಬದುಕಿಸಲಾರದವನು. ಆದರೂ ರಸ್ತೆ ಬದಿ ನನಗೇ ಬೇಕೆಂದು ಹಟ ಹಿಡಿದಿದ್ದೆ. ಐಟಿಯ ಸುಗ್ಗಿಕಾಲ ಅದು. ಇವತ್ತಲ್ಲ ನಾಳೆ ನಮ್ಮ ಸೇವಂತಿಗೆ ಹೊಲದೆದುರು ಯಾವನಾದರೂ ಗಾಜಿನ ಕಟ್ಟಡ ಎಬ್ಬಿಸದೆ ಇರುವುದಿಲ್ಲ ಎಂದು ನನ್ನ ದೃಢ ನಂಬಿಕೆ.

ಪತ್ರ ಎಂಟು ತಿಂಗಳಿಂದ ಫ್ರಿಜ್ಜಿನ ಬಾಗಿಲಿನಲ್ಲಿ ನೇತಾಡುತ್ತಿತ್ತು. ಹಾಲು ತೆಗೆಯಲು ಹೋದಾಗಲೆಲ್ಲ ಸುಧಾ, "ರೀ, ಒಂದು ಸೈನ್ ಹಾಕಿ ಕಳಿಸ್ಬಾರ್ದಾ? ಪಾಪ, ಪ್ರಕಾಶ ನಿಮ್ಮ ಅಮ್ಮನ್ನೂ ನೋಡ್ಕೊಂಡು ಅಲ್ಲೇ ಇದಾನೆ" ಎನ್ನುವಳು. ಆಫೀಸಿನ ಕೆಲಸ ತಲೆಮೇಲಿದೆ ಎಂದು ನಾನು ಜಾರಿಕೊಳ್ಳುತ್ತಿದ್ದೆ. ಸುಳ್ಳೇನಲ್ಲ. ಎರಡು ಸಾವಿರದ ಇಸವಿ ಬರುತ್ತಲೇ ಕಂಪ್ಯೂಟರುಗಳಿಗೆಲ್ಲ ಬುದ್ಧಿಭ್ರಮಣೆ ಆಗುತ್ತದೆಂದು ಲೋಕವೇ ಹೆದರಿ ಕೂತಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಅವಕ್ಕೆ ಕಲಿಸುವುದು ನನ್ನ ಉದ್ಯೋಗ.

ನಮ್ಮ ಪಕ್ಕದ ಮನೆಯಲ್ಲಿ ಲೋರ್ನಾ ಎಂಬ ಫಿಲಿಪೀನ್ಸಿನ ಹೆಂಗಸು ಇದ್ದಳು. ಗಂಡ ಜಪಾನಿನವನು. ಆಕೆಗೂ ಸುಧಾಗೂ ಸಾಂಬಾರು ಕೊಟ್ಟು ಸೇಮಿಗೆ ಪಡೆಯುವ ಸ್ನೇಹ. ಆ ಸ್ನೇಹದಲ್ಲಿ ನಮ್ಮ ಹೊಲದ ವಿಚಾರವೂ ಗೋಡೆ ದಾಟಿತ್ತು ಎಂದು ಕಾಣುತ್ತದೆ. ಒಂದು ಭಾನುವಾರ ಮಧ್ಯಾಹ್ನ ವಿಡಿಯೊ ಕ್ಯಾಸೆಟ್ಟಿನ ಡಬ್ಬಿಯೊಂದನ್ನು ತಂದು, "ನಮ್ಮೂರಿನ ಹಳೇ ಸಿನಿಮಾ. ಟೂ ಬ್ರದರ್ಸ್, ಒನ್ ಲ್ಯಾಂಡ್. ನಿನ್ನ ಗಂಡ ನೋಡಲೇಬೇಕು" ಎಂದು ಇಂಗ್ಲಿಷಿನಲ್ಲಿ ಹೇಳಿ ಹೋದಳು. ಡಬ್ಬಿಯಲ್ಲಿ ಎರಡು ಕ್ಯಾಸೆಟ್. ಎಡಗಡೆಯದನ್ನು ಮೊದಲು ಹಾಕಿದೆ. ಯಾರಾದರೂ ಹಾಗೇ ಅಲ್ಲವೆ ಮಾಡುವುದು?

ಭಾಷೆ ಟಾಗಲೋಗ್, ಪರದೆಯ ಕೆಳಗೆ ಇಂಗ್ಲಿಷಿನ ಒಂದು ಅಕ್ಷರವಿಲ್ಲ. ಆದರೆ ಹೊಲದ ಜಗಳಕ್ಕೆ ಭಾಷೆ ಯಾಕೆ ಬೇಕು? ಶುರುವಿನಲ್ಲೇ ಅಣ್ಣ ಬೇಲಿ ಕೀಳುತ್ತಾನೆ, ತಮ್ಮ ಕಿರುಚುತ್ತಾನೆ, ತಾಯಿ ಎದೆ ಬಡಿದುಕೊಳ್ಳುತ್ತಾಳೆ. ಕೊನೆಗೆ ಕಬ್ಬಿನ ಗದ್ದೆಯ ಬದುವಿನ ಮೇಲೆ ಮಚ್ಚು ಎತ್ತಿದ ಅಣ್ಣ, ಕುಸಿದ ತಮ್ಮ. ಟೀವಿ ಪರದೆ ಸರ್ರೆಂದು ಬೆಳ್ಳಗಾಯಿತು. ಅಣ್ಣನ ಮೀಸೆ ಹೆಚ್ಚುಕಮ್ಮಿ ನನ್ನದರಂತೆಯೇ ಇದ್ದದ್ದು ನನಗೆ ಹಿಡಿಸಲಿಲ್ಲ.

ಎರಡನೆಯದನ್ನು ಹಾಕಿದರೆ ಇಬ್ಬರು ಪುಟ್ಟ ಹುಡುಗರು ಎಮ್ಮೆಯ ಮೇಲೆ ಕೂತಿದ್ದಾರೆ! "ಫ್ಲ್ಯಾಶ್‌ಬ್ಯಾಕ್" ಎಂದು ಸುಧಾ ತೀರ್ಪು ಕೊಟ್ಟಳು. ಹುಡುಗರು ದೊಡ್ಡವರಾದರು, ಜೊತೆಯಲ್ಲಿ ಉತ್ತರು, ತಮ್ಮನ ಮದುವೆಯೂ ನಡೆಯಿತು. ಏಳು ವರ್ಷದ ಮಗಳು ಅನು, "ಅಪ್ಪ, ಹೀ ಡೈಡ್, ನೋ? ನಾನ್ದೆ?" ಎಂದಳು. 'ಯಾಕೆ' ಎಂಬುದಕ್ಕೆ ಅವಳ ಬಾಯಲ್ಲಿ ಜಪಾನಿ ಭಾಷೆಯೇ ಬರುವುದು.

"ಸತ್ತಿಲ್ಲ ಪುಟ್ಟಿ, ಆಸ್ಪತ್ರೆಗೆ ಸೇರಿಸಿರ್ತಾರೆ. ಎಲ್ಲಾನೂ ತೋರಿಸ್ತಾ ಕೂತ್ಕೊಳಕ್ಕಾಗುತ್ತಾ?" ಎಂದಳು ಸುಧಾ.

"ಅಣ್ಣಂಗೆ ಮುಸ್ಟಾಶ್ ಇಲ್ಲ!"

"ತಮ್ಮ ಬದುಕ್ಲಿ ಅಂತ ಹರಕೆ ಹೊತ್ತು ತೆಗೆಸಿದಾನೆ" ಎಂದೆ ನಾನು. ಮದುವೆ ಊಟದಲ್ಲಿ ತಾಯಿ ಒಂದೇ ತಟ್ಟೆಯಿಂದ ಇಬ್ಬರಿಗೂ ತುತ್ತಿಟ್ಟಳು, ಅಣ್ಣತಮ್ಮಂದಿರು ತಬ್ಬಿಕೊಂಡರು, ಕ್ಯಾಸೆಟ್ ಮುಗಿಯಿತು. ಮಚ್ಚೇಟು ತಿಂದವನೇ ಕ್ಷಮಿಸಿ ತಬ್ಬಿಕೊಳ್ಳುವಾಗ ನನ್ನದೇನು ದೊಡ್ಡಸ್ತಿಕೆ? ನಾನು ಗೊಳೋ ಎಂದು ಅತ್ತೆ. ಅಂದೇ ರುಜು ಹಾಕಿದೆ, ಮರುದಿನ ಆಫೀಸಿಗೆ ಹೋಗುವ ದಾರಿಯಲ್ಲಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಎಷ್ಟೋ ವರ್ಷದ ಮೇಲೆ ಮೈ ಹಗುರವಾಗಿತ್ತು.

ಮಂಗಳವಾರ ಲಿಫ್ಟಿನಲ್ಲಿ ಲೋರ್ನಾ ಸಿಕ್ಕಳು. ಆ ಮದುವೆಯ ಕೊನೆಯನ್ನು ನಾನು ಹಾಡಿ ಹೊಗಳಿದೆ. ಆಕೆ ನನ್ನನ್ನು ಒಂದು ಥರ ನೋಡಿ, "ಅದು ಅರ್ಧ ಸಿನಿಮಾ ಅಷ್ಟೇ. ಜಗಳ ಅಲ್ಲಿಂದ ಶುರು. ಕೊನೆಯಲ್ಲಿ ತಮ್ಮ ಸಾಯುತ್ತಾನೆ" ಎಂದಳು. ಡಬ್ಬಿ ಜೋಡಿಸಿದವನು ಆಕೆಯ ಗಂಡ. ಜಪಾನಿನ ಪುಸ್ತಕದ ಹಾಗೆ ಬಲಗಡೆಯಿಂದ ಮೊದಲು. ಈ ದೇಶದಲ್ಲಿ ನಾಲ್ಕು ವರ್ಷ ಅನ್ನ ತಿಂದು ನನಗದು ಹೊಳೆಯಲಿಲ್ಲ. ಅಂಚೆ ಕಚೇರಿಗೆ ಓಡಿದೆ. ಕೌಂಟರಿನ ಹುಡುಗಿ ಮೂರು ಸಲ ಬಗ್ಗಿ, ಮೂರು ಸಲ ಸುಮಿಮಾಸೆನ್ ಎಂದು ಕ್ಷಮೆ ಕೇಳಿ, ಪತ್ರ ವಿಮಾನ ಹತ್ತಿಯಾಗಿದೆ ಎಂದಳು. ನಿಜ ಹೇಳುತ್ತೇನೆ, ಸಿನಿಮಾವನ್ನು ಸರಿಯಾಗಿ ನೋಡಿದ್ದರೂ ನನಗೆ ಬುದ್ಧಿ ಬರುತ್ತಿರಲಿಲ್ಲ. ಏನೇ ಆದರೂ ಹೊಲ ಅಣ್ಣನಿಗೇ ಉಳಿಯಿತಲ್ಲ ಎಂದುಕೊಳ್ಳುತ್ತಿದ್ದೆ.

ಎರಡು ವಾರದ ಮೇಲೆ ಪ್ರಕಾಶನ ಫೋನ್ ಬಂತು. ನಮ್ಮಿಬ್ಬರ ನಡುವೆ ಎರಡು ವರ್ಷದಿಂದ ಮಾತಿರಲಿಲ್ಲ.

"ಅಣ್ಣ, ಪತ್ರ ಬಂತು. ಅಮ್ಮ ಅದನ್ನ ದೇವರ ಮುಂದೆ ಇಟ್ಕೊಂಡು ಕೂತಿದಾಳೆ." ಅವನ ದನಿ ಒಡೆಯಿತು. ನನ್ನದೂ. "ಇದ್ದಕ್ಕಿದ್ದಂಗೆ ನಿಂಗೇನಾಯ್ತೋ?"

"ಒಂದು ಸಿನಿಮಾ ನೋಡಿದೆ ಕಣೋ."

"ಹಂಗಾದ್ರೆ ನಂಗೂ ಕಳ್ಸು. ಬಾವಿ ನನ್ನ ಕಡೆಗೆ ಬಂತಲ್ಲ, ನಿನ್ನ ಭಾಗಕ್ಕೆ ನೀರು ಬಿಡ್ಬೇಕೋ ಬೇಡ್ವೋ ಅಂತ ಇನ್ನೂ ಮನಸ್ಸು ಮಾಡಿಲ್ಲ. ನೋಡಿ ಹೇಳ್ತೀನಿ."

ಬಾವಿಯ ಯೋಚನೆಯೇ ನನಗೆ ಬಂದಿರಲಿಲ್ಲ. ಲೋರ್ನಾಳನ್ನು ಬೇಡಿ ಎರಡೂ ಕ್ಯಾಸೆಟ್ಟಿನ ಪ್ರತಿ ಮಾಡಿಸಿದೆ. ತಮ್ಮ ಸಾಯುವುದರ ಮೇಲೆ ಒಂದು ಎಂದೂ, ಮದುವೆಯದರ ಮೇಲೆ ಎರಡು ಎಂದೂ ಕನ್ನಡದ ಅಂಕಿಯಲ್ಲಿ ದಪ್ಪಗೆ ಬರೆದು ಪಾರ್ಸೆಲ್ ಕಟ್ಟಿದೆ. ಅದನ್ನು ಹಿಡಿದು ಅಂಚೆ ಕಚೇರಿಗೆ ಹೋದೆ, ಈ ಸಲ ಓಡದೆ.