ಹಳ್ಳದ ದಂಡೆಗೆ ಬಂದ ಸಮುದ್ರ

ಜನರನ್ನು ಎಣಿಸಲು ಹೋದವನನ್ನು ಜನ ಸುಮ್ಮನೆ ಬಿಡುವುದಿಲ್ಲ. ಐವತ್ತರ ದಶಕದಲ್ಲಿ ರೋಣದ ಕಡೆಯ ಒಂದು ಹಳ್ಳಿಯಲ್ಲಿ ಸಾಲಿ ಮಾಸ್ತರನಾಗಿದ್ದ ನನಗೆ ಇಂಥ ಪ್ರಸಂಗಗಳು ಆಗುತ್ತಲೇ ಇದ್ದವು. ನಗುತ್ತಲೇ ಹೇಳುತ್ತೇನೆ. ಆದರೆ ಕೊನೆಯದನ್ನು ಹೇಳುವಾಗ ನಗು ಅರ್ಧಕ್ಕೇ ನಿಲ್ಲುತ್ತದೆ.

ಹುಕುಂ

ಸಮುದ್ರದಂಡೆಯ ತಗ್ಗಿನಲ್ಲಿ ಎಷ್ಟು ಮಂದಿ ಇದ್ದಾರೆ, ನಕಾಶೆ ಬರೆದು ಕಳಿಸಿ ಎಂದು ಹುಕುಂ ಬಂತು. ಕಾರವಾರದ ಕಡೆ ಹೋಗಬೇಕಾದದ್ದು, ದಾರಿ ತಪ್ಪಿ ನಮ್ಮಲ್ಲಿಗೆ ಬಂದಿತ್ತು.

"ಸಾಹೇಬ್ರ, ನಮ್ಮಲ್ಲಿ ಸಮುದ್ರ ಎಲ್ಲೈತ್ರಿ?" ಎಂದು ತಾಲೂಕು ಕಚೇರಿಗೆ ಹೋಗಿ ಕೇಳಿದೆ.

ಸಾಹೇಬರು ತಲೆ ಎತ್ತಲಿಲ್ಲ. "ಸದ್ಯಕ್ಕ ಹಳ್ಳಾ ಹಿಡೀರಿ. ಸಮುದ್ರ ಬಂದ ಮ್ಯಾಲ ತಿದ್ದೋಣಂತ."

ಗೋಡೆ

ನೀರು ಬರುವ ಮನೆಗಳನ್ನು ಎಬ್ಬಿಸುತ್ತಾರೆ ಎಂದು ಊರಲ್ಲಿ ಸುದ್ದಿ ಹಬ್ಬಿತ್ತು. ಹಾಗಾಗಿ ಹಳ್ಳದ ನೀರು ಯಾರ ಮನೆಗೂ ಬರುತ್ತಿರಲಿಲ್ಲ! ಒಬ್ಬ ಯಜಮಾನನ ಗೋಡೆಯ ಮೇಲೆ ಎದೆಮಟ್ಟಕ್ಕೆ ಮಹಾಪೂರದ ಕಲೆ ಎದ್ದು ಕಾಣುತ್ತಿತ್ತು. "ಇದೇನ್ರಿ ಮತ್ತ?" ಎಂದು ಕೇಳಿದೆ.

"ಅದಾ? ಮ್ಯಾಲಿಂದ ಸುಣ್ಣ ಬಳಕೋತ ಬಂದ್ವಿ, ಅಲ್ಲಿಗೆ ಸುಣ್ಣ ತೀರಿತ್ರಿ."

ನೀಲಿ ಮನೆ

ತಗ್ಗಿನ ಮನೆಗಳಿಗೆಲ್ಲ ನೀಲಿ ಬಣ್ಣ ತುಂಬಿ, ಊರವರು ನೋಡಲಿ ಎಂದು ನಕಾಶೆಯನ್ನು ಚಾವಡಿಯ ಗೋಡೆಗೆ ಅಂಟಿಸಿದೆ. ಹಳ್ಳದ ದಂಡೆಯ ಒಬ್ಬ ವಿಧವೆ ಮುದುಕಿ ಓಡಿ ಬಂದಳು. ಮಗನಿಗೆ ಕನ್ಯೆ ಕೊಡಲು ಗಜೇಂದ್ರಗಡದವರು ಮರುದಿನವೇ ಬರುವವರಿದ್ದರು. ಎಷ್ಟೋ ಕಡೆ ತಪ್ಪಿ ಕೂಡಿಬಂದ ಸಂಬಂಧ.

"ಮಾಸ್ತರ್ರ, ನೀರಾಗಿನ ಮನಿಗೆ ಯಾರು ಹೆಣ್ಣು ಕೊಡ್ತಾರ್ರಿ? ನಮ್ಮ ಮನಿ ಒಂದೀಟು ದಿಬ್ಬಕ್ಕ ಸರಸ್ರಿ."

"ಸರಕಾರಿ ನಕಾಶೆರಿ ಅವ್ವಾರ, ಸರಸಾಕ ಬರಂಗಿಲ್ಲ."

ಬೆಳಗಾಗುವಷ್ಟರಲ್ಲಿ ನಕಾಶೆಯಲ್ಲಿ ಅವಳ ಮನೆಗೆ ಸುಣ್ಣ ಬಿದ್ದು, ಬೆಳ್ಳಗಾಗಿತ್ತು. ಕನ್ಯೆಯ ತಂದೆ ಬಂದವನು ಚಾವಡಿಯಲ್ಲಿ ನಿಂತು ನೀಲಿ ಎಂದರೇನು ಎಂದು ಕೇಳಿದ. ನೀರು ಬರುವ ಮನೆ ಎಂದೆ. ಮುದುಕಿ ಹಿಗ್ಗಿನಿಂದ ಮುಂದೆ ಬಂದು, "ನಮ್ಮದು ಬಿಳೇದು ನೋಡ್ರಿ. ಒಂದು ಹನಿ ನೀರು ಬರಂಗಿಲ್ಲ!" ಎಂದಳು.

ಅವನ ಮುಖ ಇಳಿದುಹೋಯಿತು. "ನಮ್ಮ ಗುಡ್ಡದಾಗ ಕೊಡಾ ಹೊತ್ತು ಹೊತ್ತು ನನ್ನ ಮಗಳ ನೆತ್ತಿ ಸವದೈತ್ರಿ. ನೀರಿದ್ದ ಮನಿಗೇ ಕೊಡಬೇಕಂತ ಹರಕಿ ಹೊತ್ತೀನಿ."

"ಬರ್ತೈತ್ರಿ! ಮಳಿಗಾಲದಾಗ ಒಲಿತನಕಾ ಬರ್ತೈತಿ!" ಎಂದು ಮುದುಕಿ ಕೂಗಿದಳು.

"ಸುಣ್ಣದ ಕೆಳಗ ನೀಲೀನ ಐತ್ರಿ," ಎಂದು ನಾನೂ ದನಿಗೂಡಿಸಿದೆ.

"ಮಾಸ್ತರ್ರಿಗೆ ಹೋಳಿಗಿ ಊಟದ ಆಸೆ ಭಾಳ ಐತಿ," ಎಂದು ನನ್ನ ಬಾಯಿ ಮುಚ್ಚಿಸಿ, ಅವನು ಪಕ್ಕದ ನೀಲಿ ಮನೆಯ ಹುಡುಗನನ್ನು ನೋಡಿ ಎಲೆ ಅಡಿಕೆ ಹಿಡಿದು ಸಂಬಂಧ ಗಟ್ಟಿ ಮಾಡಿದ.

ಊರೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಆದರೆ ಪಕ್ಕದ ಮನೆಯ ಮದುವೆಯಲ್ಲಿ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟೆ. ಅದೇ ಚಪ್ಪರದಲ್ಲಿ ಮುದುಕಿ ಪಕ್ಕದ ಮನೆಯ ಸೊಸೆಯನ್ನೇ ನೋಡುತ್ತ ಕೂತಿದ್ದಳು. ಎದ್ದು ಹೋಗುವಾಗ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಮಾಸ್ತರ್ರ, ಮುಂದಿನ ಸಲ ನಕಾಶೆ ಬರದ್ರ, ನನ್ನ ಮನಿ ನಟ್ಟ ನಡು ಸಮುದ್ರದಾಗ ಹಾಕಿಬಿಡ್ರಿ."